ಹದಿನಾಲ್ಕು ಬೈಟಿಗೆ ಹಿಡಿಯದ ಸುಬ್ಬ

ಆಪರೇಟಿಂಗ್ ಸಿಸ್ಟಂ ಕಟ್ಟುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಕಂಪ್ಯೂಟರ್ ತಂದಾಗ್ಲೇ ಅದರೊಳಗೆ ಅದು ಇರ್ಲಿಲ್ವೇನೋ?’

ಇತ್ತು. ತೊಂದರೆಯಾದದ್ದೇ ಅದರಿಂದ.

ನಾನು ಆರಿಸಿಕೊಂಡದ್ದು ಎಕ್ಸ್‌ವಿ6. ಪಿಡಿಪಿ-11 ಯಂತ್ರದ ಮೇಲೆ ಓಡುತ್ತಿದ್ದ 1975ರ ಯುನಿಕ್ಸ್ ಆರನೇ ಆವೃತ್ತಿಯನ್ನು ಮಾದರಿಯಾಗಿಟ್ಟುಕೊಂಡು ಎಂಐಟಿಯ ಮೇಷ್ಟ್ರುಗಳು 2006ರಲ್ಲಿ ಪಾಠಕ್ಕೆಂದು ಹೊಸದಾಗಿ ಬರೆದದ್ದು. ಕೋಡನ್ನೆಲ್ಲ ಅಚ್ಚು ಹಾಕಿದರೂ ನೂರು ಪುಟದ ಆಸುಪಾಸು. ಇಷ್ಟು ತೆಳ್ಳಗಿನದು ನನ್ನನ್ನೇನು ಮಾಡೀತು ಎಂದು ಕೋಡನ್ನು ಕಟ್ಟಿಕೊಡುವ ‘ಮೇಕ್’ ಆಜ್ಞೆ ಒತ್ತಿದೆ.

ಮ್ಯಾಕ್‌ನಲ್ಲಿ ಜಿಸಿಸಿ ಎಂಬ ಕಂಪೈಲರನ್ನು ಕೂಗಿದರೆ ಓಗೊಡುವವನು ಇನ್ನೊಂದು ಕಂಪೈಲರಾದ ಕ್ಲ್ಯಾಂಗ್. ಅವನು ಕೊಡುವುದು ಮ್ಯಾಕ್-ಓ ಮಾದರಿಯ ಫೈಲು. ಎಕ್ಸ್‌ವಿ6ಗೆ ಬೇಕಾದ್ದು ಇಎಲ್‌ಎಫ್. ಇಲ್ಲಿ ಕೂತು ಬೇರೆ ಯಂತ್ರಕ್ಕೆ ಕೋಡ್ ಮಾಡಿಕೊಡುವ ಕ್ರಾಸ್ ಕಂಪೈಲರ್ ಬೇಕು. ಸಿದ್ಧವಿದ್ದದ್ದನ್ನು ಇಳಿಸಿಕೊಳ್ಳಬಹುದಿತ್ತು. ಆದರೆ ಆಪರೇಟಿಂಗ್ ಸಿಸ್ಟಂ ಕಟ್ಟಹೊರಟ ಗಂಡಸು ಕಂಪೈಲರನ್ನು ರೆಡಿಮೇಡ್ ತರುವುದೇ? ಜಿಸಿಸಿಯನ್ನೇ ಮೂಲದಿಂದ ಕಟ್ಟತೊಡಗಿದೆ. ಅದಕ್ಕೂ ಮೊದಲು ಬಿನ್‌ಯುಟಿಲ್ಸ್ ಎಂಬ ಉಪಕರಣಗಳ ಗಂಟು. ಜೊತೆಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳು. ಒಗ್ಗರಣೆಗೆ ಸಾಸಿವೆ ಬೇಕೆಂದು ಹೊಲ ಕ್ರಯಕ್ಕೆ ಪಡೆದಂತಾಯಿತು. ಲ್ಯಾಪ್‌ಟಾಪಿನ ಬಿಸಿ ನೋಡಿ ಅಮ್ಮ ಪಕ್ಕದಲ್ಲೊಂದು ಸಂಡಿಗೆ ತಟ್ಟೆ ಇಟ್ಟು ಹೋದಳು.

ಕೊನೆಗೂ ಕಂಪೈಲರ್ ಹುಟ್ಟಿತು. ಹುಟ್ಟಿದ್ದೇ ತಡ, ಮಾತುಮಾತಿಗೂ ನನಗೆ ಎಚ್ಚರಿಕೆ ಕೊಡತೊಡಗಿತು. ಎಚ್ಚರಿಕೆಯನ್ನೂ ತಪ್ಪೆಂದೇ ಎಣಿಸತಕ್ಕದ್ದು ಎಂದು ಎಕ್ಸ್‌ವಿ6ನ ಮೇಕ್‌ಫೈಲಿನ ಕಟ್ಟಪ್ಪಣೆ ಬೇರೆ. ಅವರಿಬ್ಬರನ್ನೂ ಸಮಾಧಾನ ಮಾಡಿದರೆ, ಯಂತ್ರ ಎದ್ದಾಗ ಡಿಸ್ಕಿನಿಂದ ಮೊದಲು ಓಡುವ ಬೂಟ್ ಬ್ಲಾಕ್ ಉದ್ದವಾಯಿತೆಂಬ ತಕರಾರು. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟು. ಅದರ ಕೊನೆಯ ಎರಡು ಬೈಟುಗಳಲ್ಲಿ 55, ಎಎ ಎಂಬ ಗುರುತು ಇರಲೇಬೇಕು. ಮಿಕ್ಕ 510ರೊಳಗೆ ಬೂಟ್‌ಲೋಡರ್ ಮುದುರಿಕೊಂಡು ಮಲಗಬೇಕು. ಫೋನಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳನ್ನು ಗಿಗಾಬೈಟುಗಟ್ಟಲೆ ಸಾಕಿಕೊಂಡಿರುವ ನಾನು ಇಲ್ಲಿ ಬೈಟು ಬೈಟಿಗೂ ಚೌಕಾಸಿಗೆ ಕೂತೆ.

ಆಮೇಲೆ, ಕ್ಯೂಎಮು ಎಂಬ ನಕಲಿ ಯಂತ್ರದ ಕರಿಪರದೆಯ ಮೇಲೆ ನನ್ನ ಆಜ್ಞೆಗೆ ಕಾಯುವ ಒಂದು ಡಾಲರ್ ಚಿಹ್ನೆ ಮೂಡಿತು. ನನ್ನ ವಾರಿಗೆಯವರು ಅಮೆರಿಕಕ್ಕೆ ಹೋಗಿ ಎಷ್ಟೋ ಡಾಲರ್ ನೋಡಿದ್ದಾರೆ. ನನ್ನ ಪಾಲಿಗೆ ಬಂದದ್ದು ಇದೊಂದೇ.

ಒಳಗೆ ಫೈಲು ನಕಲಿಸುವ ಆಜ್ಞೆಯಿಲ್ಲ, ಎಡಿಟರ್ ಇಲ್ಲ; ಜಾಂಬಿ ಎಂಬ ಪ್ರೋಗ್ರಾಂ ಮಾತ್ರ ಇದೆ. ಇರಲಿ, ಕಟ್ಟಿದವನ ಹೆಸರು ಉಳಿಯಲೆಂದು ‘ಸುಬ್ಬ’ ಎಂಬ ಫೈಲನ್ನು ಕನ್ನಡದಲ್ಲೇ ಮಾಡಿದೆ. ಪಟ್ಟಿ ತೆಗೆದರೆ ‘ಸುಬ್’ ಇದೆ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟು. ಸ, ಉಕಾರ, ಬ, ಹಲಂತ, ಇನ್ನೊಂದು ಬ: ಒಟ್ಟು 15. ಎಕ್ಸ್‌ವಿ6 ಹೆಸರಿಗೆ ಕೊಡುವುದು 14. ಸ್ವಂತ ಸಿಸ್ಟಂನಲ್ಲೇ ನಾನು ಒಂದು ಬೈಟು ಹೆಚ್ಚಾಗಿದ್ದೆ.

‘ಅದನ್ನ ಆಫ್ ಮಾಡಿ ಊಟಕ್ಕೆ ಬಾರೋ!’

ಆಫ್ ಮಾಡುವ ಆಜ್ಞೆಯೂ ಇಲ್ಲ. ಕಂಟ್ರೋಲ್-ಸಿ ಒತ್ತಿದೆ; ಅದನ್ನು ಒಳಗಿನ ಯಂತ್ರವೇ ನುಂಗಿಕೊಂಡಿತು. ಹೊರಬರಲು ಕಂಟ್ರೋಲ್-ಎ ಒತ್ತಿ ಆಮೇಲೆ ಎಕ್ಸ್ ಒತ್ತಬೇಕೆಂದು ತಿಳಿಯುವಷ್ಟರಲ್ಲಿ ಅಮ್ಮ ಆರಿದ ಸಾರಿನ ಪಾತ್ರೆಯನ್ನು ತಂದು ಲ್ಯಾಪ್‌ಟಾಪಿನ ಪಕ್ಕ ನಿಂತಿದ್ದಳು: ‘ಇನ್ನೂ ಬಿಸಿ ಇದ್ಯೇನೋ ಅದು?’