ಗೃಹಾಯುಧಮಣಿದರ್ಪಣಂ

ಅವನು ಕೊಡಲಿಯಿಂದ ಮರವನ್ನು ಕಡಿದನು. ತೃತೀಯಾ ವಿಭಕ್ತಿಗೆ ಕನ್ನಡ ಮೇಷ್ಟ್ರು ಈ ಉದಾಹರಣೆ ಕೊಟ್ಟಾಗ, ಅವನು ಕೊಡಲಿಯನ್ನು ಎಲ್ಲಿಂದ ತಂದ, ಎಷ್ಟು ಕೊಟ್ಟ, ಹೆಂಡತಿಗೆ ಎಷ್ಟೆಂದು ಹೇಳಿದ ಅಂತ ತರಗತಿಯಲ್ಲಿ ಯಾರೂ ಕೇಳಲಿಲ್ಲ. ವ್ಯಾಕರಣದ ಮಟ್ಟಿಗೆ ಉಪಕರಣವೆಂದರೆ ಕರಣ. ಕ್ರಿಯೆ ಕೈಗೂಡಲು ಎಲ್ಲಕ್ಕಿಂತ ಹೆಚ್ಚು ಒದಗಿಬರುವುದು ಯಾವುದೋ ಅದೇ ಕರಣವೆಂದು ಪಾಣಿನಿಯ ಮತ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೊಸೆಯುತ್ತ ಕೂತಾಗ ಅವನಿಗೂ ಈ ವಿಷಯದಲ್ಲಿ ಸಂಶಯ ಬಂದಿರಲಾರದು. ಬರಲು ಕಾರಣವೂ ಇರಲಿಲ್ಲ. ಅವನ ಮನೆಯಲ್ಲಿ ಡ್ರಿಲ್ಲಿಂಗ್ ಮೆಷಿನ್ ಇರಲಿಲ್ಲ.

ಪ್ರಸ್ತುತ ಪ್ರಬಂಧದ ಪ್ರಮೇಯ ಇಷ್ಟೇ: ಸ್ವಂತ ಮನೆಯುಳ್ಳ ಗೃಹಸ್ಥನ ಕೈಗೆ ಬಂದ ಕೂಡಲೇ ಉಪಕರಣವು ತೃತೀಯೆಯಿಂದ ಜಾರಿ ದ್ವಿತೀಯೆಗೆ ಬೀಳುತ್ತದೆ. ಅಲ್ಲಿಂದಾಚೆ ಅದರಿಂದ ಯಾರೂ ಏನನ್ನೂ ಮಾಡುವುದಿಲ್ಲ. ಅದನ್ನು ಕೊಳ್ಳುತ್ತಾರೆ, ಅದನ್ನು ನೆಂಟರಿಗೆ ತೋರಿಸುತ್ತಾರೆ, ಅದನ್ನು ಒರೆಸಿ ಎತ್ತಿಡುತ್ತಾರೆ, ಆಮೇಲೆ ಅದನ್ನು ಹುಡುಕುತ್ತಾರೆ. ಈ ಪ್ರಮೇಯಕ್ಕೆ ಆಧಾರಗಳು ಮೂರು: ನಮ್ಮ ಮನೆಯ ಅಟ್ಟ, ಒಂದು ಹಳೇ ಹಾರ್ಲಿಕ್ಸ್ ಬಾಟಲಿ, ಮತ್ತು ಎರಡು ವರ್ಷ ಗೋಡೆ ಹತ್ತಲಾರದೆ ಶೋಕೇಸಿಗೆ ಒರಗಿ ನಿಂತಿದ್ದ ಮಾವನವರ ಫೋಟೊ.

ಮೊದಲು ಇತಿಹಾಸ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲುಗೊಡಲಿಗಳನ್ನು ರಾಶಿ ರಾಶಿ ತಯಾರಿಸುತ್ತಿದ್ದರು. ಒಡೆದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಅಲ್ಲಿ ಸಿಕ್ಕಿವೆ. ಈ ಪರಂಪರೆ ಅಳಿದುಹೋಯಿತೆಂದು ವಿದ್ವಾಂಸರು ನಂಬಿದ್ದಾರೆ. ಅವರು ನಮ್ಮ ಅಡುಗೆಮನೆ ನೋಡಿಲ್ಲ. ಕ್ಯಾಲೆಂಡರಿನ ಮೊಳೆ ಸಡಿಲಾದರೆ ನಮ್ಮ ಮನೆಯವರು ಕುಟ್ಟಾಣಿಯ ಕಲ್ಲುಗುಂಡು ತಂದು ಎರಡೇ ಪೆಟ್ಟಿಗೆ ಕೂರಿಸುತ್ತಾರೆ. ಮಿಕ್ಸಿಯ ಬುಡದ ತಿರುಪಿಗೆ ತರಕಾರಿ ಚಾಕು, ಗಡಿಯಾರದ ಹಿಂಬದಿಗೆ ಒಂದು ರೂಪಾಯಿ ನಾಣ್ಯ. ನಾನು ಸುತ್ತಿಗೆ ಹುಡುಕಿ ತರುವಷ್ಟರಲ್ಲಿ ಗುಂಡು ತನ್ನ ಶುಂಠಿ ಏಲಕ್ಕಿಯ ಕೆಲಸಕ್ಕೆ ವಾಪಸು ಹೋಗಿರುತ್ತದೆ. ಶಿಲಾಯುಗದಿಂದ ಲೋಹಯುಗಕ್ಕೆ ಮನುಷ್ಯ ಯಾಕೆ ಬಂದ ಎನ್ನುವುದಕ್ಕೆ ಪುರಾತತ್ತ್ವಜ್ಞರು ಹತ್ತು ಕಾರಣ ಕೊಡಬಹುದು. ಗಂಡಸರಿಗೆ ಕೊಳ್ಳಲು ಏನಾದರೊಂದು ಬೇಕಾಗಿತ್ತು ಎನ್ನುವುದು ಹನ್ನೊಂದನೆಯದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನೆಂಬ ವಚನಕಾರನಿದ್ದಾನೆ. ಬಡಗಿ. ಒಂದು ಬಾಚಿ, ಅದರಿಂದ ಒಂದು ಕಾಯಕ, ಕಾಯಕದಿಂದ ಎಂಟುನೂರು ವರ್ಷ ದಾಟಿ ಉಳಿದ ಹೆಸರು. ಶುದ್ಧ ತೃತೀಯೆ. ನನ್ನ ಬಳಿ ಈ ಹೊತ್ತಿಗೆ 143 ಉಪಕರಣಗಳಿವೆ. ಬೀದಿಯಲ್ಲಿ ನನ್ನನ್ನು ಇನ್ನೂ ‘ಮೂಲೆಮನೆ ಸಾರು’ ಅಂತಲೇ ಕರೆಯುತ್ತಾರೆ.

ಸಂಖ್ಯೆ ಬಂತಲ್ಲ, ಅದರ ಪಾಠಭೇದವನ್ನೂ ಇಲ್ಲೇ ಇತ್ಯರ್ಥ ಮಾಡಿಬಿಡಬೇಕು. 143ರಲ್ಲಿ 108 ಒಂದೇ ಪೆಟ್ಟಿಗೆಯಲ್ಲಿ ಬಂದವು. ದೀಪಾವಳಿ ರಿಯಾಯಿತಿಯಲ್ಲಿದ್ದ ಸೆಟ್ಟು. ಮೇಲೆ ದಪ್ಪಕ್ಷರದಲ್ಲಿ ‘108 ತುಂಡುಗಳು’ ಎಂದಿತ್ತು. ಅಷ್ಟೋತ್ತರ ಸಂಖ್ಯೆ ಕಂಡ ಮೇಲೆ ಚೌಕಾಸಿ ಮಾಡುವುದು ಸರಿಯಲ್ಲವೆಂದು ಹೇಳಿದ ಬೆಲೆಗೇ ತಂದೆ. ಮನೆಯಲ್ಲಿ ಬಿಚ್ಚಿ ನಾಮಾವಳಿ ಓದಿದರೆ ಮೊದಲ ಎಂಟು ನಾಮಗಳು ಮಾತ್ರ ನಿಜವಾದ ದೇವರವು: ಸುತ್ತಿಗೆ, ಕಟಿಂಗ್ ಪ್ಲೇಯರ್, ಟೆಸ್ಟರ್, ಟೇಪು ಇತ್ಯಾದಿ. ಮುಂದಿನ ನಲವತ್ತು, ಸ್ಕ್ರೂಡ್ರೈವರಿನ ತುದಿಗೆ ಸಿಕ್ಕಿಸುವ ಚೋಟುದ್ದದ ಬಿಟ್ಟುಗಳು. ಷಟ್ಕೋನ, ನಕ್ಷತ್ರ, ಚೌಕ, ಒಂದು ತ್ರಿಶೂಲದಂಥದ್ದು ಕೂಡ. ಆ ತ್ರಿಶೂಲಕ್ಕೆ ತಕ್ಕ ತಿರುಪನ್ನು ನಾನು ಇಂದಿನವರೆಗೆ ಯಾವ ವಸ್ತುವಿನ ಮೇಲೂ ಕಂಡಿಲ್ಲ. ಉಳಿದ ಅರವತ್ತು? ಮೊಳೆ, ತಿರುಪು, ಪ್ಲಾಸ್ಟಿಕ್ ಪ್ಲಗ್ಗು. ಒಂದೊಂದು ಮೊಳೆಯೂ ಒಂದೊಂದು ತುಂಡು! ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯನ್ನು ಕೇಜಿ ಲೆಕ್ಕದಲ್ಲಿ ತೂಗಿ ಪೇಪರಿನಲ್ಲಿ ಕಟ್ಟಿಕೊಡುತ್ತಾರೆ. ಸೆಟ್ಟಿನವರ ಗಣಿತದ ಪ್ರಕಾರ ಅರ್ಧ ಕೇಜಿ ಮುಕ್ಕಾಲಿಂಚಿನ ಮೊಳೆ ತಂದವನು ವಿಷ್ಣು ಸಹಸ್ರನಾಮವನ್ನೇ ಪೊಟ್ಟಣ ಕಟ್ಟಿಸಿಕೊಂಡು ಬಂದ ಹಾಗೆ.

ಇಷ್ಟು ಬಗೆಯ ತಲೆ ಯಾಕೆ ಬೇಕೆಂದು ಮನೆಯವರು ಕೇಳಿದರು. ಶಾಸ್ತ್ರೀಯವಾಗಿಯೇ ಉತ್ತರಿಸಿದೆ. ಪ್ಲಸ್ ಗುರುತಿನ ತಿರುಪಿಗೆ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟು ಪಡೆದದ್ದು. ಯಂತ್ರ ತಿರುಗಿಸುವಾಗ ಸ್ಕ್ರೂಡ್ರೈವರು ಪಕ್ಕಕ್ಕೆ ಜಾರದೆ ತಾನಾಗಿಯೇ ತಲೆಯ ನಡುವೆ ಕೂರುತ್ತದೆ ಎಂದು ಕಾರಿನ ಕಾರ್ಖಾನೆಗಳು ಅದನ್ನು ಒಪ್ಪಿಕೊಂಡವು. ಮೈನಸ್ ತಲೆ ಚಾಕುವಿಗೂ ಬಗ್ಗುತ್ತದೆ, ನಾಣ್ಯಕ್ಕೂ ಬಗ್ಗುತ್ತದೆ, ಪ್ಲಸ್ಸು ಬಗ್ಗುವುದಿಲ್ಲ. ನಿನ್ನ ಶಿಲಾಯುಗಕ್ಕೆ ಬಿದ್ದ ಮೊದಲ ಪೆಟ್ಟು ಅದೇ ಕಣೇ ಎಂದೆ. ಅವರು ಮರುಮಾತಾಡದೆ ಕುಕ್ಕರಿನ ಹಿಡಿಯ ಪ್ಲಸ್ ತಿರುಪನ್ನು ಅದೇ ಚಾಕುವಿನ ತುದಿಯಿಂದ ಬಿಗಿದು ತೋರಿಸಿದರು. ಇದನ್ನು ಅಪವಾದವೆಂದು ತಿಳಿಯತಕ್ಕದ್ದು.

ಉಪಕರಣಗಳು ಮರಿ ಹಾಕುತ್ತವೆ ಎನ್ನುವುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಪೂರ್ತಿ ಹೆಸರಿನಲ್ಲಿ ಹೇಳಬೇಕೆಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಅರ್ಧ ಗಂಟೆ ಓಡಾಡಿದವರಿಗೆ ವಿವರಿಸಬೇಕಾಗಿಲ್ಲ. ಒಂದು ಡ್ರಿಲ್ ಮನೆಗೆ ಬಂದರೆ ಅದಕ್ಕೆ ಬಿಟ್ಟುಗಳು ಬೇಕು. ಗೋಡೆಗೊಂದು, ಮರಕ್ಕೊಂದು, ಕಬ್ಬಿಣಕ್ಕೊಂದು. ಗೋಡೆಯದಕ್ಕೆ ತುದಿಯಲ್ಲಿ ಕಾರ್ಬೈಡ್ ಚೂರು ಬೆಸೆದಿರುತ್ತದೆ, ಅದರಲ್ಲಿ ಮರ ಕೊರೆದರೆ ಹೊಗೆ ಬರುತ್ತದೆ. ವೈರು ಗೋಡೆಯ ತನಕ ಎಟುಕುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡು ಬೇಕು. ತೂತು ನೇರವಾಗಿದೆಯೋ ಇಲ್ಲವೋ ನೋಡಲು ರಸಮಟ್ಟ ಬೇಕು. ಕಣ್ಣಿಗೆ ಕನ್ನಡಕ, ಎಲ್ಲವನ್ನೂ ಇಡಲು ಪೆಟ್ಟಿಗೆ, ಪೆಟ್ಟಿಗೆ ಇಡಲು ಶೆಲ್ಫು, ಶೆಲ್ಫು ಕೂರಿಸಲು ಮತ್ತೆ ಡ್ರಿಲ್ಲು. ಬೀಜವೃಕ್ಷ ನ್ಯಾಯ.

ಈಗ ಆ ಡ್ರಿಲ್ಲಿನ ವಿಷಯ. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ತಯಾರಿಸಿತು. ಅದಕ್ಕೆ ಪಿಸ್ತೂಲಿನ ಹಿಡಿಯನ್ನೂ ಟ್ರಿಗರನ್ನೂ ಕೊಟ್ಟವರು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್‌ನವರು, ಪೇಟೆಂಟು 1917ರದು. ಗೃಹಸ್ಥಾಶ್ರಮದ ಮೇಲೆ ಇದರ ಪರಿಣಾಮವನ್ನು ಯಾರೂ ಸರಿಯಾಗಿ ಅಳೆದಿಲ್ಲ. ನಮ್ಮ ಬಡಗಿಗಳ ಬೈರಿಗೆಗೆ ಹಗ್ಗ ಸುತ್ತಿ ಒಬ್ಬ ಎಳೆಯಬೇಕು, ಇನ್ನೊಬ್ಬ ಮೇಲಿಂದ ಒತ್ತಿ ಹಿಡಿಯಬೇಕು. ಬೈರಿಗೆ ಹಿಡಿದು ಕನ್ನಡಿಯ ಮುಂದೆ ನಿಂತ ಬಡಗಿಯನ್ನು ಯಾರೂ ಕಂಡಿಲ್ಲ. ನಾನು ನಿಂತೆ. ಎರಡು ಸಲ ಟ್ರಿಗರ್ ಒತ್ತಿ ಝುಯ್ ಅನ್ನಿಸಿಯೂ ನೋಡಿದೆ.

ಮಾವನವರದು ಎರಡಡಿ ಎತ್ತರದ ಫೋಟೊ, ತೇಗದ ಕಟ್ಟು, ಗಾಜು. ಬರೀ ಮೊಳೆ ತಡೆಯುವುದಿಲ್ಲ. ಪ್ಲಗ್ಗು 6 ಎಂ.ಎಂ. ಆದರೆ ಬಿಟ್ಟೂ 6 ಎಂ.ಎಂ. ಆಗಬೇಕು ಎಂಬುದು ಎಲೆಕ್ಟ್ರೀಷಿಯನ್ನರ ಮಕ್ಕಳಿಗೂ ಗೊತ್ತಿರುವ ಸೂತ್ರ. ಬಿಟ್ಟಿನ ಬುಡದ ಅಂಕಿ ಇರುವೆಯ ಕಾಲಿನಷ್ಟಿರುತ್ತದೆ. ನಾನು ಹಾಕಿದ್ದು 8 ಎನ್ನುವುದು ಆಮೇಲೆ ತಿಳಿಯಿತು. ಮೊದಲ ಅರ್ಧ ಇಂಚು ಗಾರೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಹೋಯಿತು. ಆಮೇಲೆ ಇಟ್ಟಿಗೆ, ಕೆಂಪು ಪುಡಿ ಸುರಿಯತೊಡಗಿತು. ಆ ಹೊತ್ತಿಗೆ ಕೈ ಒಂದಿಷ್ಟು ಅಲುಗಿತು. ಅಂಗೈ ಅಗಲದ ಗಾರೆ ಸುಣ್ಣದ ಸಮೇತ ಕಳಚಿ, ಆಗ ತಾನೇ ಒರೆಸಿದ್ದ ನೆಲದ ಮೇಲೆ ಬಿದ್ದು ನಾಲ್ಕು ದಿಕ್ಕಿಗೂ ಸಿಡಿಯಿತು. ಪ್ಲಗ್ಗು ತಳ್ಳಿದೆ, ಸಲೀಸಾಗಿ ಹೋಯಿತು. ತಿರುಪು ತಿರುಗಿಸಿದೆ. ತಿರುಪು ತಿರುಗಿದಷ್ಟೂ ಪ್ಲಗ್ಗೂ ಅದರ ಜೊತೆಗೇ ಪ್ರದಕ್ಷಿಣೆ ಬಂತು.

ಪ್ಲಗ್ಗಿನ ಕೆಲಸ ತಿರುಗುವುದಲ್ಲ, ತಿರುಪು ಒಳಹೊಕ್ಕಾಗ ಹಿಗ್ಗಿ ಗೋಡೆಯನ್ನು ಕಚ್ಚುವುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳು ಹಾಳಾಗದಂತೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದು, ಜಾನ್ ರಾಲಿಂಗ್ಸ್ ಎಂಬಾತ 1911ರ ಸುಮಾರಿಗೆ ಸೆಣಬಿನ ನಾರಿನ ಪ್ಲಗ್ಗು ಮಾಡಿದ. ನಮ್ಮವರು ಇವತ್ತಿಗೂ ‘ರಾಲ್ ಪ್ಲಗ್’ ಎನ್ನುವುದು ಅವನ ಹೆಸರಿನ ತುಂಡನ್ನೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನದನ್ನು ತಂದ. ಆದರೆ ಅಗಲವಾದ ತೂತಿಗೆ ಬೆಂಕಿಕಡ್ಡಿ ತುರುಕುವುದನ್ನು ಕಂಡುಹಿಡಿದ ಪುಣ್ಯಾತ್ಮನ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಏಳು ಕಡ್ಡಿ ತುರುಕಿದೆ. ಎಂಟನೆಯದಕ್ಕೆ ತಿರುಪು ಕಚ್ಚಿತು. ಫೋಟೊ ತೂಗುಹಾಕಿ, ಹಾರ ಹಾಕಿ, ದೂರ ನಿಂತು ನೋಡಿದೆವು. ರಾತ್ರಿ ಎರಡೂವರೆಗೆ ಮಾವನವರು ಕೆಳಗಿಳಿದರು.

“ಅಪ್ಪ ಬದುಕಿದ್ದಾಗಲೂ ನಮ್ಮನೇಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ತಿರಲಿಲ್ಲ ಬಿಡಿ,” ಎಂದರು ಮನೆಯವರು, ಗಾಜು ಗುಡಿಸುತ್ತ.

ಕನ್ನಡಕ್ಕೆ ಪಂಚಮೀ ವಿಭಕ್ತಿ ಪ್ರತ್ಯೇಕವಾಗಿ ಬೇಕೇ, ‘ದೆಸೆಯಿಂದ’ ಎನ್ನುವುದು ಪ್ರತ್ಯಯವೇ ಎಂದು ವಿದ್ವಾಂಸರಲ್ಲಿ ಹಳೇ ಜಗಳವಿದೆ. ಡ್ರಿಲ್ಲಿನ ದೆಸೆಯಿಂದ ಹಾಲಿನಲ್ಲಿ ಕೂತು ಬೆಳಗು ಮಾಡಿದ ಆ ರಾತ್ರಿ ನನಗಂತೂ ಸಂಶಯ ಉಳಿಯಲಿಲ್ಲ.

ಚತುರ್ಥಿಯ ವಿಷಯ ಹೆಚ್ಚು ಹೇಳಲಾರೆ. ಗಾಯ ಇನ್ನೂ ಹಸಿ. ಎದುರುಮನೆ ರಾಯರಿಗೆ ಏಣಿ ಕೊಟ್ಟೆ. ರಾಯರು ತಮ್ಮ ಷಡ್ಡಕರಿಗೆ ಕೊಟ್ಟರು. ಷಡ್ಡಕರು ಪೇಂಟಿನವನಿಗೆ. ಒಂದು ವರ್ಷದ ಮೇಲೆ ಟ್ಯಾಂಕಿನ ಬಾಲ್ ಕಾಕ್ ಕೆಟ್ಟು ನಾನು ಒದ್ದಾಡುತ್ತಿದ್ದಾಗ ರಾಯರೇ ಕಾಂಪೌಂಡಿನಾಚೆಯಿಂದ ಕೂಗಿದರು: “ನಮ್ಮ ಏಣಿ ಬೇಕಿದ್ರೆ ತಗೊಂಡ್ಹೋಗಿ ಸ್ವಾಮಿ, ಸಂಕೋಚ ಪಟ್ಕೋಬೇಡಿ.” ಷಷ್ಠೀ ವಿಭಕ್ತಿಯ ಪಾಠ ಅಲ್ಲಿಗೆ ಮುಗಿಯಿತು. ಹಿಂತಿರುಗಿಸುವಾಗ ಥ್ಯಾಂಕ್ಸ್ ಕೂಡ ಹೇಳಿ ಬಂದೆ.

ಸಪ್ತಮಿ ಎಂದರೆ ಅಟ್ಟ. ಆ ಶೆಲ್ಫು ಕಡೆಗೂ ಗೋಡೆ ಹತ್ತಲಿಲ್ಲವಾಗಿ ಎಲ್ಲವೂ ಸೇರಿದ್ದು ಅಲ್ಲಿಗೇ. ಅಲ್ಲಿ ನಡೆಸಿದ ಉತ್ಖನನದಲ್ಲಿ ಮೇಲಿನ ಸ್ತರ ಪೂರ್ತಿ ಖಾಲಿ ರಟ್ಟಿನ ಪೆಟ್ಟಿಗೆಗಳು, ವಾರಂಟಿ ಮುಗಿಯುವ ತನಕ ಬಿಸಾಡಬಾರದೆಂದು ಇಟ್ಟು, ಮುಗಿದು ಆರು ವರ್ಷವಾದವು. ಅದರ ಕೆಳಗೆ ಕಲ್ಲಾಗಿ ಹೋದ ಪೇಂಟ್ ಬ್ರಷ್ಷುಗಳು. ತಳದಲ್ಲಿ ತಾತನ ಸುತ್ತಿಗೆ. ಹಿಡಿ ಮೂರು ಸಲ ಬದಲಾಗಿದೆ, ತಲೆಯ ಒಂದು ಅಂಚು ಪೆಟ್ಟು ತಿಂದು ತಿಂದು ಅಣಬೆಯ ಹಾಗೆ ಮಡಿಚಿಕೊಂಡಿದೆ. ಇಡೀ ಸಂಗ್ರಹದಲ್ಲಿ ಕೆಲಸ ಮಾಡಿದ ಗುರುತಿರುವುದು ಅದೊಂದಕ್ಕೇ. ಪಕ್ಕದಲ್ಲಿ ಹಾರ್ಲಿಕ್ಸ್ ಬಾಟಲಿ. ಒಳಗೆ ಮಂಚ ಜೋಡಿಸಿದಾಗ ಮಿಕ್ಕ ನಟ್ಟುಗಳು, ಬೀಗ ಕಳೆದುಹೋದ ಬೀಗದಕೈಗಳು, ಒಂಟಿ ಹಿತ್ತಾಳೆ ಕೀಲು, ಕರಟಿದ ಫ್ಯೂಸ್ ತಂತಿ. “ಬೇಕಾಗುತ್ತೆ, ಇರಲಿ” ಎಂದು ಇಪ್ಪತ್ತು ವರ್ಷ ಹಾಕುತ್ತಾ ಬಂದದ್ದು. ಬೇಕಾದಾಗ ಅದನ್ನು ಪೇಪರಿನ ಮೇಲೆ ಸುರಿದು ಹರಡುತ್ತೇನೆ. ಬೇಕಾದ ಅಳತೆಯೊಂದನ್ನು ಬಿಟ್ಟು ಎಲ್ಲ ಇರುತ್ತದೆ. ಮತ್ತೆ ತುಂಬಿಸಿ ಮುಚ್ಚಳ ಹಾಕುತ್ತೇನೆ.

ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಎಂಬ ಗಾದೆ ಮಾಡಿದವರು ನಮ್ಮಂಥವರನ್ನು ಕಂಡಿರಲಿಲ್ಲ. ಆಚಾರಿಗೆ ಕೆತ್ತಲಾದರೂ ಬರುತ್ತಿತ್ತು. ಹೋದ ವರ್ಷ ವಾರ್ಡ್‌ರೋಬಿನ ಬಾಗಿಲು ಜೋತುಬಿತ್ತು. ನಲವತ್ತು ಬಿಟ್ಟುಗಳಲ್ಲಿ ಹತ್ತನ್ನು ಪ್ರಯೋಗಿಸಿ, ತಿರುಪಿನ ತಲೆ ನುಣ್ಣಗಾದ ಮೇಲೆ ಆಚಾರಿಯನ್ನು ಕರೆಸಿದೆ. ಬಂದರು. ಭುಜದಲ್ಲಿ ಗೊಬ್ಬರದ ಚೀಲ ಹೊಲಿದು ಮಾಡಿದ ಬ್ಯಾಗು. ಒಳಗೆ ಸುತ್ತಿಗೆ, ಎರಡು ಉಳಿ, ಗರಗಸ, ಒಂದು ಸ್ಕ್ರೂಡ್ರೈವರು, ಕಿವಿಯ ಹಿಂದೆ ಪೆನ್ಸಿಲು. ಹತ್ತು ನಿಮಿಷದಲ್ಲಿ ಬಾಗಿಲು ಸರಿಹೋಯಿತು. ಹೊರಡುವಾಗ ಶೋಕೇಸಿಗೆ ಒರಗಿದ್ದ ಫೋಟೊ ನೋಡಿದರು, ಗೋಡೆಯ ಗಾಯ ನೋಡಿದರು, ನನ್ನನ್ನು ನೋಡಲಿಲ್ಲ. ದೊಡ್ಡ ಮನಸ್ಸು.

“ಸಾರ್, ಡ್ರಿಲ್ಲಿದೆಯಾ?”

ಇದೆ ಎಂದು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರಿತೆಂದು ಮನೆಯವರು ಹೇಳುತ್ತಾರೆ. ಆಚಾರ್ರು ಹಳೇ ಗಾಯದಿಂದ ಗೇಣು ದೂರ ಸರಿದು, ಬೆರಳಿನಿಂದ ಗೋಡೆ ತಟ್ಟಿ ಕೇಳಿ, ಕೆಳಗೆ ಸ್ವಿಚ್ ಬೋರ್ಡ್ ಇಲ್ಲವೆಂದು ನೋಡಿ, 6 ಎಂ.ಎಂ. ಬಿಟ್ಟನ್ನು ಮುಟ್ಟಿಯೇ ಆರಿಸಿ ಕೊರೆದರು. ನಾನು ಕೆಳಗೆ ಪೇಪರು ಮಡಿಚಿ ಹಿಡಿದು ಪುಡಿಗೆ ಬೊಗಸೆ ಒಡ್ಡಿದೆ. ಅವರು ಡ್ರಿಲ್ಲಿನಿಂದ ಗೋಡೆಯನ್ನು ಕೊರೆದರು: ಕೊಂಡು ಮೂರು ವರ್ಷದ ಮೇಲೆ, ನಮ್ಮ ಮನೆಯಲ್ಲಿ ತೃತೀಯಾ ವಿಭಕ್ತಿಯ ಮೊದಲ ನಿರ್ದುಷ್ಟ ಪ್ರಯೋಗ. ಮಾವನವರು ಹತ್ತಿದರು, ನಿಂತರು, ಇನ್ನೂ ನಿಂತಿದ್ದಾರೆ.

“ಒಳ್ಳೇ ಮೆಷಿನ್ನು ಸಾರ್. ಸುಮ್ನೆ ಬಿದ್ದಿದೆ. ಎರಡು ದಿನ ಕೊಡ್ತೀರಾ?”

ಕೊಟ್ಟೆ. ಅದಾಗಿ ಎಂಟು ತಿಂಗಳು. ಈ ನಡುವೆ ಆಯುಧಪೂಜೆ ಬಂತು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದೆಂಬ ನಿಯಮವನ್ನು ವರ್ಷವಿಡೀ ಪಾಲಿಸುವ ಮನೆ ನಮ್ಮದು. ಸ್ಕೂಟರು ತೊಳೆದು, ಬೂದುಗುಂಬಳಕಾಯಿ ತಂದು, ಅಟ್ಟದಿಂದ ಎಲ್ಲವನ್ನೂ ಇಳಿಸಿ ಮಣೆಯ ಮೇಲೆ ಸಾಲಾಗಿ ಜೋಡಿಸಿದೆ. ಮನೆಯವರು ಕುಟ್ಟಾಣಿಯ ಗುಂಡನ್ನೂ ತಂದಿಟ್ಟರು. ಡ್ರಿಲ್ಲಿನ ಡಬ್ಬ ತೆರೆದರೆ ಒಳಗೆ ಮೆಷಿನ್ನಿನ ಆಕಾರದ ಗುಳಿ, ಅದರ ಮೂಲೆಯಲ್ಲಿ ಚಕ್ ಕೀ. ಆಚಾರ್ರು ಅದನ್ನು ಮರೆತು ಹೋಗಿದ್ದರು. ಬಿಟ್ಟು ಬದಲಿಸಲು ಅದಿಲ್ಲದೆ ಆಗುವುದಿಲ್ಲ. ಎಂಟು ತಿಂಗಳಿಂದ ಅವರು ಊರಿಗೆಲ್ಲ 6 ಎಂ.ಎಂ. ತೂತನ್ನೇ ಕೊರೆಯುತ್ತಿರಬೇಕು.

ಚಕ್ ಕೀಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಎಸಳು ಸೇವಂತಿಗೆ ಇಟ್ಟು, ಡಬ್ಬ ಮುಚ್ಚಿದೆ.