ಕವಿಗಳು ಏಕಾಂತದಲ್ಲಿದ್ದಾರೆ

ಶ್ರಾವಣ ಕಾಲಿಟ್ಟಿತೆಂದರೆ ಕರ್ನಾಟಕದ ಬುದ್ಧಿಜೀವಿಗಳಿಗೆ ಗಂಟಲು ಕಟ್ಟುತ್ತದೆ. ಮಳೆಗಾಲದ ನೆಗಡಿಯಲ್ಲ ಅದು, ಕಷಾಯಕ್ಕೆ ಬಗ್ಗುವುದಿಲ್ಲ. ಜೂನ್ ತನಕ ಸಿಕ್ಕ ಸಿಕ್ಕ ವೇದಿಕೆಯಲ್ಲಿ ಸರ್ಕಾರದ ಚರ್ಮ ಸುಲಿಯುತ್ತಿದ್ದ ಕವಿಗಳಿಗೆ ಪತ್ರಕರ್ತನೊಬ್ಬ ಫೋನ್ ಮಾಡಿ, 'ಸರ್, ಕನ್ನಡ ಶಾಲೆಗಳನ್ನ ಮುಚ್ಚೋ ವಿಚಾರಕ್ಕೆ ಒಂದೆರಡು ಮಾತು ಹೇಳ್ತೀರಾ?' ಎಂದರೆ, 'ಈಗ ಬೇಡಪ್ಪ, ಸೃಜನಶೀಲ ಏಕಾಂತದಲ್ಲಿದ್ದೀನಿ' ಎನ್ನುತ್ತಾರೆ. ಏಕಾಂತ ಯಾವಾಗ ಮುಗಿಯುತ್ತದೆಂದು ಹುಡುಗ ಕೇಳುವುದಿಲ್ಲ. ಅವನ ಮೇಜಿನ ಮೇಲೂ ಕ್ಯಾಲೆಂಡರ್ ಇದೆ. ನವೆಂಬರ್ ಒಂದು ಯಾವ ವಾರ ಬಿದ್ದಿದೆ ಎಂದು ನೋಡಿಕೊಂಡರೆ ಸಾಕು.

ರಾಜ್ಯೋತ್ಸವ ಪ್ರಶಸ್ತಿ ಶುರುವಾದದ್ದು 1966ರಲ್ಲಿ. ಈಗ ಐದು ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. 2010ರಲ್ಲಿ ಪುರಸ್ಕೃತರ ಸಂಖ್ಯೆ ನೂರೈವತ್ತು ದಾಟಿ, ಚಪ್ಪಾಳೆ ತಟ್ಟಲು ಕೆಳಗೆ ಯಾರಾದರೂ ಉಳಿದಾರೆಯೇ ಎಂಬ ಚಿಂತೆ ಹುಟ್ಟಿತ್ತು. ಆಮೇಲೆ ಎಷ್ಟನೆಯ ರಾಜ್ಯೋತ್ಸವವೋ ಅಷ್ಟೇ ಪ್ರಶಸ್ತಿ ಎಂಬ ಲೆಕ್ಕ ಬಂತು. 2023ರಲ್ಲಿ 68, 2024ರಲ್ಲಿ 69. ಹೀಗೆ ವರ್ಷಕ್ಕೊಬ್ಬ ಸಾಧಕ ಹೆಚ್ಚುತ್ತಾ ಹೋಗಿ 2055ಕ್ಕೆ ಸರಿಯಾಗಿ ನೂರು ಮಂದಿ. ಮಳೆಯಾಗಲಿ ಬರ ಬೀಳಲಿ, ಇಳುವರಿಯನ್ನು ಮೂವತ್ತು ವರ್ಷ ಮುಂಚೆಯೇ ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲ ಬೆಳೆ ನಮ್ಮ ಯಾವ ಜಿಲ್ಲೆಯಲ್ಲೂ ಇಲ್ಲ. ಸಾಹಿತ್ಯ, ಸಂಗೀತ, ಯಕ್ಷಗಾನ ಅಂತೆಲ್ಲ ವಿಭಾಗಗಳಿವೆ. ಯಾವುದರಲ್ಲೂ ಕೂರದವರನ್ನು 'ಸಂಕೀರ್ಣ'ದಲ್ಲಿ ಕೂರಿಸುತ್ತಾರೆ. ಮನುಷ್ಯರ ಬಗ್ಗೆ ಸರ್ಕಾರಿ ಕಡತವೊಂದು ಇಷ್ಟು ನಿಜ ನುಡಿದದ್ದು ಅಪರೂಪ.

ಪ್ರಶಸ್ತಿಗೆ ಅರ್ಜಿಯನ್ನೂ ಹಾಕಬೇಕಿತ್ತು. ಗೃಹಜ್ಯೋತಿಗೆ ಜನ ಹೆಸರು ಬರೆಸಿದರಲ್ಲ, ಅದೇ ಸೇವಾಸಿಂಧು ಪೋರ್ಟಲ್‌ನಲ್ಲಿ ಪ್ರಶಸ್ತಿಯ ಅರ್ಜಿಗಳನ್ನೂ ತೆಗೆದುಕೊಂಡದ್ದುಂಟು. ಮನೆಯ ದೀಪಕ್ಕೂ ಪ್ರತಿಭೆಯ ಬೆಳಕಿಗೂ ಒಂದೇ ಕಿಟಕಿ. 'ನಾನು ಯಾರಿಗೂ ತಲೆಬಾಗದವನು' ಎಂದು ಸಂಕಲನದ ಬೆನ್ನುಡಿಯಲ್ಲಿ ಬರೆಸಿಕೊಂಡವರು, ಆ ಬೆನ್ನುಡಿಯ ಸ್ಕ್ಯಾನ್ ಪ್ರತಿಯನ್ನೇ ಸಾಧನೆಯ ದಾಖಲೆಯೆಂದು ಲಗತ್ತಿಸುತ್ತಾರೆ. ಅರ್ಜಿ ಕರೆಯದ ವರ್ಷ ಬಂದರೆ ಪಾಡು ಇನ್ನೂ ಕಷ್ಟ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎಲ್ಲ ಬಾಗಿಲಲ್ಲೂ ನಿಲ್ಲಬೇಕು. ಮಂತ್ರಿಗಳಿಗಿಂತ ಮೊದಲು ಅವರ ಪಿಎಗೆ ತಮ್ಮ ಕವನ ಇಷ್ಟವಾಗಬೇಕು. ಸ್ವಜಾತಿಯ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಶಿಫಾರಸು ಪತ್ರ ಇದ್ದರೆ ಒಳ್ಳೆಯದು. ಜಾತ್ಯತೀತತೆಯ ಬಗ್ಗೆ ಆರು ಪುಸ್ತಕ ಬರೆದವರಿಗೆ ಇದು ಕೊಂಚ ಬೇಗನೆ ಸಿಗುತ್ತದೆಂದು ಕೇಳಿದ್ದೇನೆ.

ಆಸ್ಥಾನ ಕವಿಗಳೆಂದು ಹಳಬರನ್ನು ನಾವು ಸುಮ್ಮನೆ ಹಂಗಿಸುತ್ತೇವೆ. ಪಂಪ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಕಾವ್ಯ ಬರೆದ, ಅಗ್ರಹಾರ ಪಡೆದ. ವ್ಯವಹಾರ ಹಾಡಹಗಲೇ ನಡೆಯಿತು, ಕಾವ್ಯವೂ ಉಳಿಯಿತು. ಮೇಲಾಗಿ ಪಂಪನಿಗೆ ಇದ್ದದ್ದು ಒಬ್ಬನೇ ಅರಿಕೇಸರಿ. ಇವತ್ತಿನ ಕವಿಯ ಅವಸ್ಥೆ ನೋಡಿ: ಈಗಿನ ಮುಖ್ಯಮಂತ್ರಿ ಬೇಕು, ನಾಳೆ ಬರಬಹುದಾದವರೂ ಬೇಕು, ಆಯ್ಕೆ ಸಮಿತಿಯಲ್ಲಿ ಕೂತವರು ಬೇಕು, ಮುಂದಿನ ಸಲ ಕೂರಲಿರುವವರೂ ಬೇಕು. ಇಷ್ಟು ಅರ್ಜುನರನ್ನು ಹೊಗಳಿ ಮುಗಿಸುವ ಹೊತ್ತಿಗೆ ಕಾವ್ಯಕ್ಕೆ ಬಿಡುವಾದರೂ ಎಲ್ಲಿ?

ಕೈಗೆ ಬಂದ ಪ್ರಶಸ್ತಿ ಯಾರ ಬಾಯನ್ನೂ ಅಷ್ಟಾಗಿ ಮುಚ್ಚಿಸಿದ್ದಿಲ್ಲ. ಚೆಕ್ಕು ಜಮೆಯಾದ ಮೇಲೆ ಮನುಷ್ಯನಿಗೆ ತಕ್ಕಮಟ್ಟಿನ ಧೈರ್ಯ ಬಂದೇ ಬರುತ್ತದೆ. ಬಾಯಿ ಕಟ್ಟುವುದು ಬರಬಹುದಾದ ಪ್ರಶಸ್ತಿ. ಅರವತ್ತು ತುಂಬಿರಬೇಕೆಂಬ ನಿಯಮದಲ್ಲಿರುವ ಚಾಣಾಕ್ಷತನವನ್ನು ಯಾರೂ ಮೆಚ್ಚಿಕೊಂಡಂತಿಲ್ಲ. ನಲವತ್ತೈದಕ್ಕೆ ಆಸೆ ಚಿಗುರಿತು ಅನ್ನಿ. ಹದಿನೈದು ವರ್ಷ ಪೊಲೀಸರು, ಕೋರ್ಟು, ಸೆನ್ಸಾರು ಯಾವುದೂ ಬೇಡ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಐದು ಲಕ್ಷ ಸಿಗುವುದು ಎಪ್ಪತ್ತು ಮಂದಿಗೆ, ಸುಮ್ಮನಿರುವವರು ಸಾವಿರಾರು ಮಂದಿ.

ಬೇರೆ ತರಹದವರೂ ಇದೇ ನೆಲದಲ್ಲಿ ಇದ್ದರು ಅನ್ನುವುದೇ ಕಿರಿಕಿರಿ. ತುರ್ತು ಪರಿಸ್ಥಿತಿ ಬಂದಾಗ ಶಿವರಾಮ ಕಾರಂತರು ಪದ್ಮಭೂಷಣವನ್ನು ವಾಪಸು ಕಳಿಸಿದರು. 1977ರ ಜ್ಞಾನಪೀಠ ಅವರನ್ನು ಹುಡುಕಿಕೊಂಡೇ ಬಂತು. 2010ರಲ್ಲಿ ದೇವನೂರ ಮಹಾದೇವ ನೃಪತುಂಗ ಪ್ರಶಸ್ತಿಯನ್ನು, ಕನ್ನಡ ಇನ್ನೂ ಶಿಕ್ಷಣ ಮಾಧ್ಯಮವಾಗಿಲ್ಲ ಎಂಬ ಕಾರಣಕ್ಕೆ, ಬೇಡವೆಂದರು. ಇವರಿಬ್ಬರದಾದರೂ ವಾಪಸು ಕೊಟ್ಟ, ಬೇಡವೆಂದ ಕತೆ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಅವರಿಗೆ ವಾಪಸು ಕೊಡಲು ಇದ್ದದ್ದು ಉಸಿರು ಮಾತ್ರ. ಆಸ್ತಮಾ ಇದ್ದ ಆಕೆಯನ್ನು ಅದೇ ತುರ್ತು ಪರಿಸ್ಥಿತಿಯ ಕಾಲಕ್ಕೆ, 1976ರಲ್ಲಿ, ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. 1977ರ ಜನವರಿಯಲ್ಲಿ ಹೊರಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಮ್ಮ ಕವಿಗಳು ಸ್ವಾತಂತ್ರ್ಯದ ಬಗ್ಗೆ ಮಾತಾಡುವಾಗ ಈ ಹೆಸರನ್ನೂ ಎತ್ತುತ್ತಾರೆ, ಡಿಸೆಂಬರ್‌ನಿಂದ ಜೂನ್ ಒಳಗೆ.

ಅಕ್ಟೋಬರ್ ಕೊನೆಗೆ ಪಟ್ಟಿ ಹೊರಬೀಳುತ್ತದೆ. ಹೆಸರಿದ್ದವರು, 'ಇದು ನನಗಲ್ಲ, ಕನ್ನಡಕ್ಕೆ ಸಂದ ಗೌರವ' ಎನ್ನುತ್ತಾರೆ; ಚೆಕ್ಕಿನ ಮೇಲೆ ಮಾತ್ರ ಕನ್ನಡದ ಹೆಸರು ಬರೆಸುವುದಿಲ್ಲ. ಊರ ಸರ್ಕಲ್‌ನಲ್ಲಿ ಫ್ಲೆಕ್ಸ್ ಏಳುತ್ತದೆ, ಕವಿಗಿಂತ ಶುಭ ಕೋರಿದವರ ಮುಖ ದೊಡ್ಡದು. ಹೆಸರಿಲ್ಲದವರ ಏಕಾಂತ ಮರುದಿನ ಬೆಳಗ್ಗೆ ಕಾಫಿಗೆ ಮುಂಚೆಯೇ ಮುಗಿಯುತ್ತದೆ. ನಾಡಿನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ ಅಪಾಯದಲ್ಲಿದೆ, ಪ್ರಭುತ್ವಕ್ಕೆ ಲೇಖಕನ ಭಯವಿದೆ ಎಂದು ಎಲ್ಲ ಪತ್ರಿಕೆಗಳಿಗೂ ಹೇಳಿಕೆ. ಭಯಪಟ್ಟವರು ಆ ಹೇಳಿಕೆಯನ್ನು ಓದಿ, ಮುಂದಿನ ವರ್ಷಕ್ಕೆ ನೋಡೋಣ ಎಂದು ಯಾರ ಕೈಲೋ ಹೇಳಿ ಕಳಿಸುತ್ತಾರೆ. ಜೊತೆಗೆ ಅಕಾಡೆಮಿಯೊಂದರ ಸದಸ್ಯತ್ವ ಖಾಲಿಯಿದೆ ಎಂಬ ಸುದ್ದಿಯೂ ತಲುಪುತ್ತದೆ. ಹೇಳಿಕೆಯ ಎರಡನೇ ಕಂತು ಬರುವುದಿಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ನನ್ನದೊಂದು ಸಣ್ಣ ಸಲಹೆಯಿದೆ. ಅರ್ಜಿಯಲ್ಲಿ ಬರೆದದ್ದರ ಪಟ್ಟಿ ಕೇಳಿ ಉಪಯೋಗವಿಲ್ಲ, ಅದನ್ನು ಸಮಿತಿಯವರು ಹೇಗೂ ಓದಿರುವುದಿಲ್ಲ. ಅದರ ಜಾಗದಲ್ಲಿ ಹೊಸ ಕಲಂ ಒಂದನ್ನು ಸೇರಿಸಬಹುದು: 'ಅರ್ಜಿದಾರರು ಕಳೆದ ಹದಿನೈದು ವರ್ಷಗಳಲ್ಲಿ ಹೇಳಬೇಕೆಂದಿದ್ದೂ ಹೇಳದೆ ಬಿಟ್ಟ ಮಾತುಗಳ ವಿವರ, ದಿನಾಂಕ ಸಹಿತ. ಜಾಗ ಸಾಲದಿದ್ದಲ್ಲಿ ಹೆಚ್ಚುವರಿ ಹಾಳೆಗಳನ್ನು ಲಗತ್ತಿಸುವುದು.'