ಕಾಕಾನ ಕಣ್ಣು ನೆಟ್ಟಗೈತಿ

ಸಂಗೊಳ್ಳಿಯ ನಮ್ಮ ಕಟ್ಟೀಕಾಕಾಗೆ ಕಣ್ಣಿನ ತೊಂದರೆ ಇರಲಿಲ್ಲ, ತೊಂದರೆಯೆಲ್ಲ ಊರಿನದು. ಪೇಪರಿನವರು ಶಾಯಿ ಕದಿಯುತ್ತಿದ್ದರು. ಬೈಲಹೊಂಗಲಕ್ಕೆ ಹೊರಟವರು ಕಿತ್ತೂರಲ್ಲಿ ಇಳಿದರೆ, ಬಸ್ಸಿನ ಬೋರ್ಡು ಬರೆದವನ ಕೈ ಸರಿಯಿಲ್ಲ. ಬೀದಿದೀಪದ ಸುತ್ತ ಬಣ್ಣದ ಬಳೆ ಕಂಡರೆ ಬಲ್ಬು ಖೊಟ್ಟಿ. ರಾತ್ರಿ ಎದುರು ಬಂದ ಬೈಕಿನ ಲೈಟು ಮುಖಕ್ಕೆ ಸುಣ್ಣ ಎರಚಿದಂತಾದರೆ ಹುಡುಗರ ಸೊಕ್ಕು. ಹುಣ್ಣಿಮೆಗೆ ಎರಡು ಚಂದ್ರ ಕಂಡದ್ದನ್ನು ಮಾತ್ರ ಯಾರ ತಲೆಗೆ ಕಟ್ಟಬೇಕೋ ತಿಳಿಯದೆ ಸುಮ್ಮನಿದ್ದರು.

ಪರೀಕ್ಷೆಯೂ ಅವರದೇ, ಸಂಗೊಳ್ಳಿ ರಾಯಣ್ಣನ ಮೂರ್ತಿ ತೋರಿಸಿ: "ರಾಯಣ್ಣನ ಕೈಯಾಗಿನ ಕತ್ತಿ ಕಾಣ್ತೈತಿ, ಇನ್ನೇನ ಬೇಕಲೇ?" ರಾಯಣ್ಣನ ಕೈಯಲ್ಲಿ ಕತ್ತಿ ಇರುವುದು ಹುಟ್ಟುಗುರುಡನಿಗೂ ಗೊತ್ತು. ಅದೇ ಮೂರ್ತಿಯ ಕೆಳಗೆ ನಿಂತಿದ್ದ ಬೀಗರು ಕಾಣಲಿಲ್ಲ. ಅವರ ಸಿಟ್ಟು ಇನ್ನೂ ಇಳಿದಿಲ್ಲ.

ನಡುವೆ ಪವಾಡವೊಂದಾಯಿತು. ಎಪ್ಪತ್ತು ದಾಟಿದ ಕಾಕಾ ಒಂದು ಮುಂಜಾನೆ ಚಾಳೀಸು ತೆಗೆದಿಟ್ಟು ಪಂಚಾಂಗ ಓದಿದರು. "ಹರೇ ತಿರುಗಿ ಬಂತು!" ಎಂದು ಕಟ್ಟೆಗೆಲ್ಲ ಚಹಾ ಕುಡಿಸಿದರು. ಪೊರೆ ಬೆಳೆಯುವಾಗ ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ದೂರದ್ದು ಕೆಟ್ಟು, ಹತ್ತಿರದ್ದು ಕೆಲಕಾಲ ಚಂದ ಕಾಣುವುದುಂಟು. ಇದನ್ನು ಹೇಳೋಣವೆಂದಿದ್ದೆ, ಚಹಾ ಬಿಸಿಯಿತ್ತು.

ಅಸಲಿಗೆ ಕಾಕಾಗೆ ಅಂಜಿಕೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಒಂದೇ ದಿನ 833 ಪೊರೆ ತೆಗೆದ ಕಥೆ ಹೇಳುತ್ತಿದ್ದರು, ಆದರೆ ಆ ಕಾಲದಲ್ಲಿ ಪೊರೆ ತೆಗೆಸಿದ ಮೇಲೆ ಅಪ್ಪನ ಮೂಗಿನ ಮೇಲೆ ಕೂತ ಸೋಡಾಬಾಟ್ಲಿ ತಳದಂಥ ಚಾಳೀಸು ಮರೆತಿರಲಿಲ್ಲ. ಈಗ ಮಸೂರ ಒಳಗೇ ಕೂಡಿಸಿ ಅಂದೇ ಮನೆಗೆ ಕಳಿಸುತ್ತಾರೆಂದರೂ ನಂಬಲಿಲ್ಲ.

ಕೊನೆಗೆ ಮಗಳು ಹುಬ್ಬಳ್ಳಿಗೆ ಎಳೆದೊಯ್ದಳು. ಬೀಡಿ ಸೇದ್ತೀರಾ? ಹೂಂ. ಶುಗರ್? ಹೂಂ. ಕಬ್ಬಿನ ಹೊಲದ ಬಿಸಿಲು? ಹೂಂ. ಮೊಣಕಾಲ ನೋವಿಗೆ ಸ್ಟಿರಾಯ್ಡ್ ಗುಳಿಗೆ? ಅದೂ ಹೂಂ. ವಯಸ್ಸೊಂದೇ ಸಾಕಿತ್ತು. "ಎಲ್ಲಾ ಪ್ರಶ್ನೆಕ್ಕ ಉತ್ತರ ಕೊಟ್ಟ್ನಿ, ಫಸ್ಟ್ ಕ್ಲಾಸ್ ಪಾಸು," ಎಂದರು ಬಂದು.

ಒಂದು ಕಣ್ಣಿನ ಆಪರೇಶನ್ ಈಗ ಆಗಿದೆ. ಧೋತರದ ಚುಂಗು ಎತ್ತಿ ಆ ಕಣ್ಣಲ್ಲಿ ನೋಡುತ್ತಾರೆ: ಹಾಲಿನ ಬಿಳುಪು. ಈ ಕಣ್ಣಲ್ಲಿ ನೋಡುತ್ತಾರೆ: ಅರಿಶಿನದ ನೀರು. "ತೊಳಿಯಾಕ ಬರೂದಿಲ್ಲಂತ ನಿಮ್ಮ ಕಾಕೂಗ ಸುಮ್ನ ಬೈದ್ನಿ ನೋಡು." ಇದನ್ನು ಕಾಕೂಗೆ ಅವರೂ ಹೇಳಿಲ್ಲ, ನಾನೂ ಹೇಳಿಲ್ಲ.

ಈಗ ಕಟ್ಟೆಗೆ ಅವರೇ ಡಾಕ್ಟರು. ಮೊನ್ನೆ ನನ್ನ ಗದ್ದ ಹಿಡಿದೆತ್ತಿ, ಮೊಬೈಲಿನ ಬ್ಯಾಟರಿ ಬಿಟ್ಟು, ಬಾಯಿಂದ ಬೀಡಿ ತೆಗೆದು ಕೇಳಿದರು: "ಬೀಡಿ ಸೇದ್ತೀಯೇನೋ ತಮ್ಮಾ?"

ಹೊಗೆ ಸೀದಾ ನನ್ನ ಕಣ್ಣಿಗೇ ಬಂತು.